ಯಂತ್ರದ ಕಿವಿಯೂ ರಾಯಚೂರಿನ ಕನ್ನಡವೂ

ಆಡಿದ ಮಾತನ್ನು ಆಲಿಸಿ ಆ ಕ್ಷಣವೇ ಬರಹಕ್ಕಿಳಿಸುವ ಯಂತ್ರಗಳು ಈಗ ನಮ್ಮ ಕಚೇರಿಗಳ ಬಾಗಿಲಿಗೆ ಬಂದು ನಿಂತಿವೆ. ಕೇಂದ್ರ ಸರಕಾರವು 2022ರಲ್ಲಿ 'ಭಾಷಿಣಿ' ಯೋಜನೆಯನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ ಕಂಪನಿಯೊಡನೆ ಕೂಡಿ ನಡೆಸುತ್ತಿರುವ 'ವಾಣಿ' ಸಂಗ್ರಹದಲ್ಲಿ ರಾಯಚೂರು ಜಿಲ್ಲೆಯ ಜನರ ಮಾತೂ ಸೇರಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಸಂಗ್ರಹವಾದ ಮಾತ್ರಕ್ಕೆ ನ್ಯಾಯ ದೊರೆತಂತಾಗಲಿಲ್ಲ.

ಈ ಯಂತ್ರದ ಕಾರ್ಯಕ್ರಮವನ್ನು ವಾಚಕರು ಸ್ವಲ್ಪ ಪರ್ಯಾಲೋಚಿಸಬೇಕು. ಅದು ಧ್ವನಿಯನ್ನು ಸೆಕೆಂಡಿಗೆ ಸಾಮಾನ್ಯವಾಗಿ 16,000 ಸಲ ಅಳೆದು, ಸೆಕೆಂಡಿನ ನೂರನೆಯ ಒಂದೆರಡು ಪಾಲಿನಷ್ಟು ಸಣ್ಣ ತುಣುಕುಗಳಾಗಿ ಕತ್ತರಿಸಿ ಪರೀಕ್ಷಿಸುತ್ತದೆ. ಗದ್ದಲವನ್ನು ಸೋಸುವಾಗ ಮೆಲುದನಿಯ ವ್ಯಂಜನಗಳೂ ಸೋರಿಹೋಗುವುದುಂಟು. ಮಾತು ಮುಗಿಯಿತೆಂದು ತೀರ್ಮಾನಿಸಲು ಎಷ್ಟು ಮೌನವನ್ನು ಕಾಯಬೇಕೆಂಬುದನ್ನು ಹಿರಿಯ ಇಂಜಿನಿಯರನೇ ಗೊತ್ತುಮಾಡುತ್ತಾನೆ.

ಅನರ್ಥದ ಮೂಲವು ಇಲ್ಲಿಯೇ ಇದೆ. ಮಟಮಾರಿಯ ರೈತನೊಬ್ಬನು ಫೋನಿನಲ್ಲಿ, "ಪರಿಹಾರದ ರೊಕ್ಕ ಬಂದೈತಿ ಅಂತಾರ್ರೀ" ಎಂದು ಉಸಿರೆಳೆದು, ಬಳಿಕ "ನನಗ ಮುಟ್ಟಿಲ್ಲ" ಎಂದನೆಂದು ಭಾವಿಸೋಣ. ಆ ಉಸಿರನ್ನೇ ಮುಕ್ತಾಯವೆಂದು ತಿಳಿದ ಯಂತ್ರವು ದೂರನ್ನು ರಶೀದಿಯನ್ನಾಗಿ ಮಾಡುತ್ತದೆ. ಕನ್ನಡದ ಹೌದು, ಅಲ್ಲಗಳು ವಾಕ್ಯದ ಕೊನೆಯಲ್ಲಿರುತ್ತವೆ. ಅವಸರದ ಕಿವಿಗೆ ಅವು ದಕ್ಕಲಾರವು.

ವಿಳಂಬವಾದರೆ ಸಂಭಾಷಣೆ ಅಸಹ್ಯವಾಗುವುದೆಂದು ಇಂಜಿನಿಯರರು ವಾದಿಸಬಹುದು. ದೂರವಾಣಿಯ ಮಾತು ಸೆಕೆಂಡಿನ ಸಾವಿರದ 150 ಪಾಲಿನೊಳಗೆ ತಲುಪಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಗೆಳೆಯರಿಬ್ಬರ ಹರಟೆಗೆ ಆ ಅಳತೆ ಯುಕ್ತವೇ. ಅಹವಾಲಿಗೆ ವೇಗವು ಮುಖ್ಯವಲ್ಲ, ಯಥಾರ್ಥತೆ ಮುಖ್ಯ.

ನಿಜಾಮರ ಆಳ್ವಿಕೆಯು 1948ರಲ್ಲಿ ಕೊನೆಗೊಳ್ಳುವವರೆಗೂ ಈ ಸೀಮೆಯ ಆಡಳಿತಭಾಷೆ ಉರ್ದುವಾಗಿತ್ತು. ತನ್ನ ಅಹವಾಲನ್ನು ಪರರ ಬಾಯಿಂದ ಹೇಳಿಸಬೇಕಾದ ಕಷ್ಟವನ್ನು ಇಲ್ಲಿನ ಕನ್ನಡಿಗನು ಬಲ್ಲನು. 1956ರಲ್ಲಿ ಕನ್ನಡನಾಡು ಒಂದಾಯಿತು. 1963ರಲ್ಲಿ ರಾಜಭಾಷಾ ಅಧಿನಿಯಮ ಬಂದಿತು. ಹೀಗಿರಲು, ಬೆಂಗಳೂರಿನ ಪುಸ್ತಕಗನ್ನಡವನ್ನಷ್ಟೇ ಬಲ್ಲ ಯಂತ್ರವನ್ನು ನಮ್ಮ ಮೇಲೆ ಹೊರಿಸಿದರೆ ದುಭಾಷಿಯ ಕಾಲವೇ ಹೊಸ ವೇಷದಲ್ಲಿ ಮರಳಿದಂತಾಗದೆ?

ಆದುದರಿಂದ ಸರಕಾರವು ಮೂರು ನಿಯಮಗಳನ್ನು ವಿಧಿಸಬೇಕು. ರಾಯಚೂರು, ಮಾನ್ವಿ, ದೇವದುರ್ಗಗಳ ಹೊಲಗಳಲ್ಲೂ ಸಂತೆಗಳಲ್ಲೂ ಪರೀಕ್ಷಿಸದ ಯಂತ್ರವು ಇಲ್ಲಿನ ಕಚೇರಿಯನ್ನು ಪ್ರವೇಶಿಸಬಾರದು. ದಾಖಲಿಸುವ ಮೊದಲು ಹೇಳಿಕೆಯನ್ನು ಓದಿ ಹೇಳಿ, ಹೇಳಿದವನ ಒಪ್ಪಿಗೆ ಪಡೆಯಬೇಕು. ಬೇಕೆಂದವನಿಗೆ ಮನುಷ್ಯನೇ ಉತ್ತರಿಸುವ ಏರ್ಪಾಡು ಇರಲೇಬೇಕು.

ಪ್ರಜೆಯ ಮಾತನ್ನು ಪೂರ್ತಿಯಾಗಿ ಕೇಳುವುದು ಆಡಳಿತದ ಮೊದಲ ಧರ್ಮ. ಅದನ್ನು ಯಂತ್ರಕ್ಕೆ ವಹಿಸಬಹುದು. ಯಂತ್ರದ ತಪ್ಪಿನ ಹೊಣೆಯನ್ನು ಮಾತ್ರ ಅಧಿಕಾರಿಗಳೇ ಹೊರತಕ್ಕದ್ದು.