ಚೂರಿ ಯಾರ ಕೈಯಾಗ, ರೊಕ್ಕ ಯಾರ ಕಿಸೆಯಾಗ?

ಹಾಸ್ಟೆಲಿನ ಗೆಳೆಯರೇ,

ಈಗೊಂದು ಹೊಸ ಮಾತು ಹೊರಟಿದೆ. ಕುರಿ ಕೊಯ್ಯುವುದು, ತೊಗಲು ಸುಲಿಯುವುದು ‘ಪಾರಂಪರಿಕ ವಿದ್ಯೆ’ಯಂತೆ, ಹಿರಿಯರಿಂದ ಕಲಿತು ಉಳಿಸಬೇಕಂತೆ. ಹೇಳುವವರು ಪ್ಯಾಟ್ಯಾಗ ಇರ್ತಾರ. ಉಳಿಸಬೇಕಾದವರು ಮಾತ್ರ ಕುಷ್ಟಗಿ, ಯಲಬುರ್ಗಾ ಸೀಮೆಯ ನಮ್ಮ ಓಣಿ ಹುಡುಗರು!

ವಿದ್ಯೆ ಹೌದು, ಯಾರು ಇಲ್ಲ ಅಂದಾರ? ನಮ್ಮಪ್ಪ ಕುರಿಯನ್ನು ಹಿಂಗಾಲಿಗೆ ಹಗ್ಗ ಕಟ್ಟಿ ಬೇವಿನ ಟೊಂಗೆಗೆ ತೂಗುಹಾಕುತ್ತಿದ್ದ. ಚೂರಿ ಬರೇ ಗೀರು ಎಳೆಯಲಿಕ್ಕೆ. ಆಮೇಲೆ ಮುಷ್ಟಿಯಿಂದ ಒತ್ತಿ ಒತ್ತಿ ತೊಗಲು ಬಿಡಿಸುವುದು. ತೂತು ಬಿದ್ದರೆ ತೊಗಲಿನ ದರ ಇಳಿಯಿತು. ಪಿತ್ತದ ಚೀಲ ಒಡೆದರೆ ಖಂಡ ಕಹಿ. ಬೀದರಿನ ಪಶು ವಿಶ್ವವಿದ್ಯಾಲಯದಲ್ಲಿ ಕಲಿತು ಸತ್ತ ದನದ ಹೊಟ್ಟೆ ಸೀಳಿ ನೋಡಿದವನು ಡಾಕ್ಟರ್ ಸಾಹೇಬ. ಅದೇ ಹೊಟ್ಟೆ ಸೀಳಿದ ನಮ್ಮಪ್ಪ ಹೋಟೆಲಿನ ಹೊರಗ ನಿಂತು ಚಾ ಕುಡಿದ.

ಊರಾಗ ಎತ್ತು ಸತ್ತರೆ ಕರೆ ಬರುತ್ತಿತ್ತು. ಹತ್ತು ವರ್ಷದ ನಾನು ಕಾಲು ಹಿಡಿದೆ. ಕಲೀತೀಯೇನು ಅಂತ ಯಾರೂ ಕೇಳಲಿಲ್ಲ. ಅದಕ್ಕೆ ಬಿಟ್ಟಿ ಅಂತ ಹೆಸರು.

ಸತ್ತ ದನ ಬಿಟ್ಟರೆ ವರ್ಷಕ್ಕೆ 500 ರೂಪಾಯಿ ಲಾಭ ಕಳಕೊಳ್ತೀರಿ ಎಂದು ಬುದ್ಧಿ ಹೇಳಿದವರಿಗೆ ತಾವು ಕೊಟ್ಟ ಉತ್ತರವನ್ನು ಬಾಬಾಸಾಹೇಬರು 1956ರ ನಾಗಪುರ ಭಾಷಣದಲ್ಲಿ ನೆನೆದರು. ಆ ಲಾಭ ನೀವೇ ಮಾಡಿಕೊಳ್ಳಿ, ಮೇಲೆ ನಾನೂ 500 ಕೊಡ್ತೀನಿ ಎಂದಿದ್ದರು. 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ತೊಗಲು ಸುಲಿದ ದಲಿತ ಯುವಕರನ್ನು ಕಟ್ಟಿ ಹೊಡೆದರು. ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ಕಲೆಕ್ಟರ್ ಕಚೇರಿ ಮುಂದೆ ತಂದು ಹಾಕಿದರು. ಆಗ ಪರಂಪರೆ ಉಳಿಸಲು ಈ ಪಂಡಿತರು ಚೂರಿ ಹಿಡಿದು ಬಂದರೇನು?

ನಮ್ಮಲ್ಲಿ 1964ರ ಕಾಯ್ದೆಯಂತೆ 12 ವರ್ಷ ದಾಟಿದ ಎತ್ತನ್ನು ಸರ್ಟಿಫಿಕೇಟ್ ಪಡೆದು ಕೊಯ್ಯಬಹುದಿತ್ತು. 2020ರ ಕಾಯ್ದೆ ಆ ಬಾಗಿಲನ್ನೂ ಮುಚ್ಚಿತು. ಕೊಯ್ದರೆ 3ರಿಂದ 7 ವರ್ಷ ಜೈಲು. ಬದುಕಿದ ಎತ್ತು ಅವರದು, ಸತ್ತ ಎತ್ತು ನಮ್ಮದು!

ನಮ್ಮವರಿಗೂ ಒಂದು ಮಾತು ಐತಿ. ನಮ್ಮ ಹಾಸ್ಟೆಲಿನ ಹುಡುಗನೊಬ್ಬ ಗಂಗಾವತಿಯಲ್ಲಿ ಕುರಿ ಮಾಂಸದ ಅಂಗಡಿ ಇಡ್ತೀನಿ ಅಂದ. ಕೆಲಸ ಬಲ್ಲವನು. “ಡಿಗ್ರಿ ಮಾಡಿ ಕುರಿ ಕೊಯ್ತೀ ಏನಲೇ?” ಎಂದು ನಗಾಡಿದರು. ನಕ್ಕವರಲ್ಲಿ ನಾನೂ ಒಬ್ಬ. ಅಂದಿನಿಂದ ಅವನು ತನ್ನಪ್ಪ ಗೌಂಡಿ ಅಂತ ಹೇಳಿಕೊಂಡು ತಿರುಗುತ್ತಾನೆ.

ತಪ್ಪು ನಮ್ಮದು. ಊರ ಹೆಣ ಬಿಟ್ಟಿ ಎಳೆಯುವುದು ಬೇರೆ, ಕುರಿ ಕೊಯ್ದು ತೂಗಿ ಮಾರುವುದು ಬೇರೆ. ಮೊದಲನೆಯದಕ್ಕೆ ಪ್ರಾಣ ಹೋದರೂ ಒಪ್ಪಬಾರದು. ಎರಡನೆಯದು ದರ್ಜಿ ಕೆಲಸದಂಥ ಕೆಲಸ. ಅದಕ್ಕೆ ಸಾಲ ಕೇಳಬೇಕು, ಊರ ಹೊರಗಲ್ಲ, ಬಜಾರದೊಳಗೆ ನಳ ಇರುವ ಮಳಿಗೆ ಕೇಳಬೇಕು. ಗೌಡರ ಮಗನೂ ಕಲಿಯಲಿ, ಬೇಕಾದರೆ ನಮ್ಮಪ್ಪ ಫೀಸು ತಗೊಂಡು ಕಲಿಸ್ತಾನ.

ನಮ್ಮ ಕೈಯ ಖಂಡ ಯಾರು ಕೊಳ್ತಾರ? ಸುಮ್ಮನೆ ಕೇಳುತ್ತಿಲ್ಲ. ಇದೇ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲಿಗೆ ಯಾಕೆ ಬಿಡೋದಿಲ್ಲ ಎಂದು ಕೇಳಿದ ಮೇಲೆ 2014ರಲ್ಲಿ ದಲಿತರ ಗುಡಿಸಲು ಸುಟ್ಟರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಂಗಡಿ ಇಡುವುದೂ ಅದೇ ಜಗಳ.

ಆ ಹುಡುಗ ಅಂಗಡಿ ಇಟ್ಟರೆ ಬೋರ್ಡಿನ ಮೇಲೆ ಅಪ್ಪನ ಹೆಸರು ಬರೆಸಲಿ. ಬಣ್ಣದ ಖರ್ಚು ನಕ್ಕವರು ಹಾಕ್ತೀವಿ.