ದುಬಾರಿ ಇಂಕಿನ ಪರವಾಗಿ ಎರಡು ಮಾತು

ಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಈ ಮಾತು ಆಡಿರುತ್ತಾರೆ: ‘ಮಿಷನ್ ಕೊಡುವುದು ಮೂರು ಕಾಸಿಗೆ, ಸುಲಿಯುವುದು ಇಂಕಿನಲ್ಲಿ.’ ಕಾರ್ಟ್ರಿಜ್ ಬೆಲೆಯನ್ನು ಮಿಲಿಲೀಟರಿಗೆ ಭಾಗಿಸಿ, ವಿಲಾಯಿತಿ ಅತ್ತರಿಗಿಂತ ಇದೇ ದುಬಾರಿ ಎಂದು ಕಾಗದ ಪೆನ್ಸಿಲ್ ಹಿಡಿದು ಸಾಧಿಸುವವರೂ ಇದ್ದಾರೆ. ಲೆಕ್ಕ ಸರಿಯೇ ಇರಬಹುದು. ಸಿಟ್ಟು ಮಾತ್ರ ಬೀಳಬೇಕಾದ ಕಡೆ ಬಿದ್ದಿಲ್ಲ ಎಂಬುದು ನನ್ನ ವಿನಯಪೂರ್ವಕ ತಕರಾರು.

ಕಾರ್ಟ್ರಿಜ್ ಎಂದರೆ ಬರೀ ಇಂಕಲ್ಲ. ಎಚ್‌ಪಿ ಅಥವಾ ಕ್ಯಾನನ್‌ನ ಅಗ್ಗದ ಮನೆಬಳಕೆಯ ಮಾದರಿಯ ಕಾರ್ಟ್ರಿಜ್ ಒಂದನ್ನು ಹೊರಗೆ ತೆಗೆದು ಬೋರಲು ಹಾಕಿ ನೋಡಿ. ತಳದಲ್ಲಿ ಸಣ್ಣದೊಂದು ಪಟ್ಟಿ ಇರುತ್ತದೆ. ಬರಿಗಣ್ಣಿಗೆ ಕಾಣದ ನೂರಾರು ತೂತುಗಳು ಅದರಲ್ಲಿವೆ. ಒಂದೊಂದು ತೂತಿನ ಹಿಂದೆಯೂ ಪುಟ್ಟ ಹೀಟರ್ ಇದ್ದು, ಇಂಕಿನಲ್ಲಿ ಗುಳ್ಳೆ ಎಬ್ಬಿಸಿ ಹನಿಯನ್ನು ಕಾಗದದ ಮೇಲೆ ಚಿಮ್ಮಿಸುತ್ತದೆ. ಪ್ರಿಂಟರಿನ ಅತಿ ನಾಜೂಕಿನ ಅಂಗವಾದ ಹೆಡ್ಡೇ ಇಲ್ಲಿ ಕಾರ್ಟ್ರಿಜ್ ಜೊತೆ ಬಂದುಬಿಡುತ್ತದೆ. ಲೇಸರ್‌ನಲ್ಲೂ ಅಷ್ಟೆ. ಝೆರಾಕ್ಸ್ ಅಂಗಡಿಯವರಿಗೆಲ್ಲ ಗೊತ್ತಿರುವ ‘12ಎ’ ಕಾರ್ಟ್ರಿಜ್‌ನೊಳಗೆ ಟೋನರ್ ಪುಡಿಯ ಜೊತೆ ಅಕ್ಷರ ಮೂಡಿಸುವ ಡ್ರಮ್ಮೂ ಇದೆ.

ಮನೆಯ ಇಂಕ್‌ಜೆಟ್ ಹೆಚ್ಚಾಗಿ ದುಡಿದು ಸಾಯುವುದಿಲ್ಲ, ಕೂತು ಸಾಯುತ್ತದೆ. ಮಕ್ಕಳ ಪ್ರಾಜೆಕ್ಟ್ ಮುಗಿದ ಮೇಲೆ ಬೇಸಿಗೆ ರಜೆಯಿಡೀ ಬಟ್ಟೆ ಹೊದ್ದು ಕೂರುವ ಯಂತ್ರದ ಹೆಡ್ ಒಣಗಿ ಕಟ್ಟಿಕೊಳ್ಳುತ್ತದೆ. ಹೆಡ್ ಕಾರ್ಟ್ರಿಜ್‌ನಲ್ಲೇ ಇದ್ದರೆ ಹೊಸ ಕಾರ್ಟ್ರಿಜ್ ಹಾಕಿದೊಡನೆ ಅದು ಮತ್ತೆ ಹೊಸ ಯಂತ್ರ. ಹೆಡ್ಡನ್ನು ಯಂತ್ರದೊಳಗೇ ಕೂರಿಸಿದ ಇಂಕ್ ಟ್ಯಾಂಕ್ ಮಾದರಿಗಳಲ್ಲಿ ಅದು ಕಟ್ಟಿಕೊಂಡರೆ ಸರ್ವಿಸ್ ಸೆಂಟರಿಗೆ ಹೊರಬೇಕು. ರಿಪೇರಿ ಖರ್ಚು ಕೇಳಿದವರು ಹೊಸದನ್ನೇ ಕೊಳ್ಳುವ ಮಾತಾಡುತ್ತಾರೆ. ಅಪರೂಪಕ್ಕೆ ಮುದ್ರಿಸುವ ಮನೆಗೆ, ನಾವು ಶಪಿಸುವ ಆ ದುಬಾರಿ ಕಾರ್ಟ್ರಿಜ್ಜೇ ಹೆಚ್ಚು ಬಾಳುವ ವ್ಯವಸ್ಥೆ ಎಂದರೆ ಯಾರೂ ನಂಬುವುದಿಲ್ಲ.

ಬೆಲೆಯ ವಿಷಯದಲ್ಲಿ ಕಂಪನಿಗಳು ಮಣಿಯುವುದೇ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. ಇಂಡೋನೇಷ್ಯಾದ ಅಂಗಡಿಯವರು ಪ್ರಿಂಟರಿನ ಪಕ್ಕಕ್ಕೆ ಇಂಕಿನ ಡಬ್ಬ ಕಟ್ಟಿ, ಅದರಿಂದ ಒಳಗಿನವರೆಗೆ ಸಣ್ಣ ಕೊಳವೆ ಎಳೆದು ಧಾರಾಳವಾಗಿ ಮುದ್ರಿಸುತ್ತಿದ್ದರು. ತಡೆಯಲಾಗದ್ದನ್ನು ತಾನೇ ಮಾರುವುದು ಲೇಸೆಂದು ಎಪ್ಸನ್ 2010ರಲ್ಲಿ ತನ್ನ ಮೊದಲ ಇಂಕ್ ಟ್ಯಾಂಕ್ ಪ್ರಿಂಟರನ್ನು ಆ ದೇಶದಲ್ಲೇ ಬಿಡುಗಡೆ ಮಾಡಿತು. ಯಂತ್ರಕ್ಕೆ ಬೆಲೆ ಜಾಸ್ತಿ, ಬಾಟಲಿ ಇಂಕು ಅಗ್ಗ. ಬಳಿಕ ಅದು ಭಾರತಕ್ಕೂ ಬಂತು, ಕ್ಯಾನನ್ ಮತ್ತು ಎಚ್‌ಪಿ ಕೂಡ ಅದೇ ದಾರಿ ಹಿಡಿದವು. ಯಾವ ಕಾನೂನೂ ಇದನ್ನು ಮಾಡಿಸಲಿಲ್ಲ, ಸಿರಿಂಜು ಹಿಡಿದ ರೀಫಿಲ್ ಹುಡುಗರು ಮಾಡಿಸಿದರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಿಂತು ನೋಡಿದವರಿಗೆ ಅವರ ಕೈಚಳಕ ಗೊತ್ತು: ಸ್ಟಿಕರ್ ಕಿತ್ತು, ಮೂರು ತೂತಿಗೆ ಮೂರು ಬಣ್ಣ ಇಳಿಸಿ, ತಳವನ್ನು ಟಿಶ್ಯೂ ಕಾಗದಕ್ಕೆ ಒತ್ತುತ್ತಾರೆ. ಕಾಗದದ ಮೇಲೆ ಮೂರು ಪಟ್ಟೆ ಬೇರೆಬೇರೆಯಾಗಿ ಮೂಡಿದರೆ ‘ಆಯ್ತು ತಗೊಳ್ಳಿ ಸಾರ್’.

ಹಾಗಾದರೆ ಸಿಟ್ಟು ಎಲ್ಲಿಗೆ ಬೀಳಬೇಕು? ಕಾರ್ಟ್ರಿಜ್‌ಗೆ ಅಂಟಿಸಿದ ಚಿಪ್ಪಿನ ಮೇಲೆ. ಚಿಪ್ ಇಂಕಿನ ಮಟ್ಟ ತೋರಿಸಿ ಸುಮ್ಮನಿದ್ದರೆ ನನ್ನದೇನೂ ಆಕ್ಷೇಪವಿಲ್ಲ. ಆದರೆ 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಕೆಲವು ಪ್ರಿಂಟರುಗಳು ಅಲ್ಲಿಯವರೆಗೆ ಒಪ್ಪಿಕೊಂಡಿದ್ದ ಬೇರೆಯವರ ಕಾರ್ಟ್ರಿಜ್‌ಗಳನ್ನು ಇದ್ದಕ್ಕಿದ್ದಂತೆ ತಿರಸ್ಕರಿಸಿದವು. ಯಂತ್ರ ಕೆಟ್ಟಿರಲಿಲ್ಲ, ಕಾರ್ಟ್ರಿಜ್ ಖಾಲಿಯಾಗಿರಲಿಲ್ಲ. ಆ ಚಿಪ್ಪನ್ನು ಓದುವ ಫರ್ಮ್‌ವೇರ್, ಅಂದರೆ ಯಂತ್ರದೊಳಗಿನ ತಂತ್ರಾಂಶ, ಹಾಗೆ ಹೇಳಿತ್ತು, ಅಷ್ಟೆ. ಮನೆ ಮಾರಿ ರಿಜಿಸ್ಟರ್ ಮಾಡಿಕೊಟ್ಟವನು ರಾತ್ರಿ ಬಂದು ಬೀಗ ಬದಲಾಯಿಸಿ ಹೋದ ಹಾಗೆ. ಗಲಾಟೆಯಾದ ಮೇಲೆ ಆ ನಿರ್ಬಂಧ ತೆಗೆಯುವ ಫರ್ಮ್‌ವೇರನ್ನು ಕಂಪನಿ ಕೊಟ್ಟಿತಾದರೂ ಪದ್ಧತಿಯನ್ನು ಕೈಬಿಡಲಿಲ್ಲ. 2020ರ ಡಿಸೆಂಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಎಚ್‌ಪಿಗೆ 1 ಕೋಟಿ ಯೂರೋ ದಂಡ ಹಾಕಿತು. ದಂಡ ಇಂಕಿನ ಬೆಲೆಗಲ್ಲ. ಈ ನಿರ್ಬಂಧವನ್ನು ಗಿರಾಕಿಗೆ ಸರಿಯಾಗಿ ತಿಳಿಸದೇ ಇದ್ದದ್ದಕ್ಕೆ ಎಂಬುದನ್ನು ಗಮನಿಸಬೇಕು. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 2017ರಲ್ಲಿ ಲೆಕ್ಸ್‌ಮಾರ್ಕ್ ಎಂಬ ಪ್ರಿಂಟರ್ ಕಂಪನಿಯ ಪ್ರಕರಣದಲ್ಲಿ, ಕಾರ್ಟ್ರಿಜ್ ಮಾರಿದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ತೀರಿತು, ರೀಫಿಲ್ ಮಾಡುವವರನ್ನು ಆ ಹಕ್ಕಿನಿಂದ ತಡೆಯಲಾಗದು ಎಂದಿತು. ಕೋರ್ಟು ಬಿಟ್ಟುಕೊಟ್ಟದ್ದನ್ನು ಫರ್ಮ್‌ವೇರ್ ಕಿತ್ತುಕೊಳ್ಳಬಹುದು ಎಂಬುದೇ ಈಗಿನ ತೊಡಕು.

ಈ ಚಿಪ್ಪಿಗೆ ತಮ್ಮನೊಬ್ಬ ಇದ್ದಾನೆ, ವೇಸ್ಟ್ ಇಂಕ್ ಪ್ಯಾಡ್. ಹೆಡ್ ತೊಳೆಯುವಾಗ ಪ್ರಿಂಟರ್ ಚೆಲ್ಲುವ ಇಂಕನ್ನು ತಳದಲ್ಲಿರುವ ಉಣ್ಣೆಯಂಥ ಪ್ಯಾಡು ಹೀರಿಕೊಳ್ಳುತ್ತದೆ. ಚೆಲ್ಲಿದ ಲೆಕ್ಕವನ್ನು ಕೌಂಟರ್ ಇಡುತ್ತದೆ. ಮಿತಿ ಮುಟ್ಟಿದ ದಿನ ಕೆಂಪು ದೀಪ ಮಿನುಗಿ ಯಂತ್ರ ನಿಂತುಬಿಡುತ್ತದೆ. ಲೆಕ್ಕ ಇಡುವುದು ಸರಿ; ಇಲ್ಲದಿದ್ದರೆ ಇಂಕು ಮೇಜಿನ ಮೇಲೆ ಹರಿದೀತು. ಆದರೆ ನೂರಿನ್ನೂರರ ಆ ಪ್ಯಾಡನ್ನು ಮನೆಯವರೇ ಬದಲಿಸುವಂತೆ ಒಂದು ಮುಚ್ಚಳ ಇಡಲು ಏನು ಕಷ್ಟ? ಕೆಲವು ಮಾದರಿಗಳಲ್ಲಿ ಈಗ ‘ಮೇಂಟೆನೆನ್ಸ್ ಬಾಕ್ಸ್’ ಎಂದು ಬಿಡಿಯಾಗಿ ಬಂದಿದೆ. (ಅದಕ್ಕೂ ಒಂದು ಚಿಪ್ಪಿದೆ ಎನ್ನಿ!)

2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಒಳ್ಳೆಯ ಕೆಲಸ. ಆದರೆ ರಿಪೇರಿಯ ಹಕ್ಕು ಕೊಡುವಾಗ ಇಂಕಿನ ಬೆಲೆಗೆ ಮಿತಿ ಹಾಕಿ ಎಂದು ಯಾರಾದರೂ ಕೇಳಿದರೆ ನಾನು ಸಹಿ ಹಾಕಲಾರೆ. ಕೊಂಡ ದಿನ ಒಪ್ಪಿಕೊಂಡ ಕಾರ್ಟ್ರಿಜ್ಜನ್ನು ಯಂತ್ರ ಕೊನೆಯವರೆಗೂ ಒಪ್ಪಬೇಕು, ಒಪ್ಪುವುದಿಲ್ಲವಾದರೆ ಅದನ್ನು ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚು ಹಾಕಬೇಕು ಎಂದರೆ ಈಗಲೇ ಹಾಕುತ್ತೇನೆ. ಇದು ಅಸಾಧ್ಯವೇನಲ್ಲ: ಎಚ್‌ಪಿಯ ಹಳೆಯ 1020, ಕ್ಯಾನನ್‌ನ ಎಲ್‌ಬಿಪಿ 2900 ಲೇಸರ್ ಪ್ರಿಂಟರುಗಳು ಇವತ್ತಿಗೂ ಎಷ್ಟೋ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ದುಡಿಯುತ್ತಿವೆ. ಅವುಗಳ ಕಾರ್ಟ್ರಿಜ್‌ಗೆ ಚಿಪ್ಪಿಲ್ಲ. ಪುಡಿ ತುಂಬಿ, ಡ್ರಮ್ ಬದಲಿಸಿ, ಮತ್ತೆ ಮತ್ತೆ ನಡೆಸಬಹುದು.

ತಿಂಗಳಿಗೆ ನಾಲ್ಕು ಹಾಳೆ ಮುದ್ರಿಸುವವರಿಗೆ ಬೀದಿ ಕೊನೆಯ ಝೆರಾಕ್ಸ್ ಅಂಗಡಿಯೇ ಸಾಕು. ಆಧಾರ್, ಪಾನ್ ಪ್ರತಿಗಳನ್ನು ಅಂಗಡಿಯವನ ವಾಟ್ಸಾಪಿಗೆ ಕಳಿಸಲು ಮನಸ್ಸೊಪ್ಪದವರು ಬಣ್ಣದ ಆಸೆ ಬಿಟ್ಟು ಕಪ್ಪು-ಬಿಳುಪಿನ ಲೇಸರ್ ನೋಡಲಿ: ಟೋನರ್ ಪುಡಿ, ಬೇಸಿಗೆ ರಜೆಯಿಡೀ ಕೂತರೂ ಒಣಗುವುದಿಲ್ಲ.