ಮನೆಯಿಲ್ಲದವರು ಬರೆದ ಬಾಡಿಗೆ ಕಾನೂನು

1554ರ ಜೂನ್ ತಿಂಗಳಿನಲ್ಲಿ ಉತ್ತರ ಇಟಲಿಯ ಫೆರಾರಾ ನಗರದಲ್ಲಿ ಯೆಹೂದಿ ಸಮುದಾಯಗಳ ಪ್ರತಿನಿಧಿಗಳ ಸಭೆಯೊಂದು ಸೇರಿತು. ರೋಮ್, ವೆನಿಸ್, ಮಾಂಟುವಾ, ಬೊಲೋನ್ಯಾ, ಮೊಡೆನಾ ಮೊದಲಾದ ಊರುಗಳ ಮುಖಂಡರೂ ಧರ್ಮಗುರುಗಳಾದ ರಬ್ಬಿಗಳೂ ಅದರಲ್ಲಿ ಭಾಗವಹಿಸಿದ್ದರು. ಕಾಲ ಕೆಟ್ಟದಾಗಿತ್ತು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಷ್ಟೇ ರೋಮ್‌ನ ಚೌಕವೊಂದರಲ್ಲಿ ಅವರ ಧರ್ಮಶಾಸ್ತ್ರವಾದ ತಾಲ್ಮುದ್‌ನ ಪ್ರತಿಗಳನ್ನು ರಾಶಿ ಹಾಕಿ ಸುಡಲಾಗಿತ್ತು. ಹೀಗಾಗಿ ಮೂವರು ರಬ್ಬಿಗಳ ಒಪ್ಪಿಗೆಯಿಲ್ಲದೆ ಹೊಸ ಹೀಬ್ರೂ ಪುಸ್ತಕವನ್ನು ಅಚ್ಚು ಮಾಡಿಸಬಾರದೆಂಬುದು ಸಭೆಯ ನಿರ್ಣಯಗಳಲ್ಲಿ ಒಂದಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ಪಟ್ಟಿಯಲ್ಲಿ, ಗ್ರಂಥ ಮತ್ತು ನ್ಯಾಯಾಲಯಗಳ ಗಂಭೀರ ವಿಷಯಗಳ ಜೊತೆಯಲ್ಲಿಯೇ, ಮನೆ ಬಾಡಿಗೆಯನ್ನು ಕುರಿತ ಕಟ್ಟಳೆಯೊಂದಿದೆ. ಈ ಬಗೆಯ ಕಟ್ಟಳೆಗಳನ್ನೆಲ್ಲ ಲೂಯಿಸ್ ಫಿಂಕೆಲ್‌ಸ್ಟೀನ್ ಎಂಬ ವಿದ್ವಾಂಸರು 1924ರಲ್ಲಿ ಇಂಗ್ಲಿಷಿನಲ್ಲಿ ಸಂಗ್ರಹಿಸಿ ಪ್ರಕಟಿಸಿದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಆ ಬಾಡಿಗೆಯ ಕಟ್ಟಳೆ ಇಂದಿಗೂ ಚರ್ಚೆಗೆ ಯೋಗ್ಯವೆನಿಸುತ್ತದೆ.

ಕಟ್ಟಳೆಯ ಸಾರ ಸರಳ. ಕ್ರೈಸ್ತ ಮಾಲೀಕನ ಮನೆಯಲ್ಲಿ ಬಾಡಿಗೆಗಿರುವ ಯೆಹೂದಿಯನ್ನು ಇನ್ನೊಬ್ಬ ಯೆಹೂದಿ ಒಕ್ಕಲೆಬ್ಬಿಸಬಾರದು. ಹೆಚ್ಚು ಬಾಡಿಗೆ ಕೊಡುವೆನೆಂದು ಮಾಲೀಕನಲ್ಲಿಗೆ ಹೋಗಿ ಆ ಮನೆಯನ್ನು ತನ್ನದಾಗಿಸಿಕೊಳ್ಳಬಾರದು. ಇದು ಹೊಸ ನಿಯಮವಲ್ಲ. ಸುಮಾರು ಐದು ಶತಮಾನಗಳ ಹಿಂದೆ ಜರ್ಮನಿಯ ಮೈಂಟ್ಸ್ ನಗರದಲ್ಲಿದ್ದ ರಬ್ಬಿ ಗೆರ್ಶೋಮ್ ಅವರದೆಂದು ಪರಂಪರೆ ನಂಬಿಕೊಂಡು ಬಂದಿದ್ದ ನಿಯಮ. ಬಹುಪತ್ನಿತ್ವವನ್ನು ನಿಷೇಧಿಸಿದವರು, ಒಬ್ಬರ ಪತ್ರವನ್ನು ಇನ್ನೊಬ್ಬರು ಒಡೆದು ಓದಬಾರದೆಂದು ವಿಧಿಸಿದವರು ಎಂದು ಪ್ರಸಿದ್ಧರಾದವರು ಇವರೇ. ಮಾಲೀಕ ಒಬ್ಬ ಯೆಹೂದಿಯನ್ನು ಅನ್ಯಾಯವಾಗಿ ಹೊರಹಾಕಿದರೆ ಒಂದು ವರ್ಷದವರೆಗೆ ಬೇರೆ ಯಾವ ಯೆಹೂದಿಯೂ ಆ ಮನೆಗೆ ಬಾಡಿಗೆಗೆ ಹೋಗಬಾರದೆಂಬುದೂ ಅವರ ಹೆಸರಿನಲ್ಲಿ ಬಂದ ನಿಯಮವೇ. ಇದರ ಬೇರು ಇನ್ನೂ ಹಳೆಯದು. ಬಡವನೊಬ್ಬ ರೊಟ್ಟಿಯ ತುಂಡೊಂದನ್ನು ಪಡೆಯಲು ಹವಣಿಸುತ್ತಿರುವಾಗ ನಡುವೆ ಬಂದು ಅದನ್ನು ಎತ್ತಿಕೊಳ್ಳುವವನನ್ನು ತಾಲ್ಮುದ್ ದುಷ್ಟನೆಂದು ಕರೆಯುತ್ತದೆ.

ಇದನ್ನು ಬಾಡಿಗೆ ನಿಯಂತ್ರಣದ ಹಳೆಯ ರೂಪವೆಂದು ಕೆಲವರು ವರ್ಣಿಸುವುದುಂಟು. ನನಗೆ ಅದು ಸರಿಯೆನಿಸುವುದಿಲ್ಲ. ಬಾಡಿಗೆ ನಿಯಂತ್ರಣವೆಂದರೆ ಸರ್ಕಾರ ಮಾಲೀಕನ ಕೈ ಕಟ್ಟುವುದು. ಫೆರಾರಾದಲ್ಲಿ ಸೇರಿದ್ದವರಿಗೆ ಮಾಲೀಕರ ಮೇಲೆ ಯಾವ ಅಧಿಕಾರವೂ ಇರಲಿಲ್ಲ. ಅವರಿಗೆ ಪೊಲೀಸರಿರಲಿಲ್ಲ, ಸೆರೆಮನೆಯಿರಲಿಲ್ಲ, ಬಹುಪಾಲು ಊರುಗಳಲ್ಲಿ ಸ್ವಂತ ನೆಲವೂ ಇರಲಿಲ್ಲ. ಆದ್ದರಿಂದ ಅವರು ತಮ್ಮದೇ ಕೈಗಳನ್ನು ಕಟ್ಟಿಕೊಂಡರು. ಮನೆಗಳು ಕೆಲವೇ ಇದ್ದು ಅವುಗಳನ್ನು ಬೇಡುವವರು ಅನೇಕರಿದ್ದಾಗ ಬಾಡಿಗೆಯನ್ನು ಏರಿಸುವವನು ಮಾಲೀಕನಷ್ಟೇ ಅಲ್ಲ, ಪೈಪೋಟಿಗಿಳಿದ ಬಾಡಿಗೆದಾರನೂ ಹೌದು. ಆ ಪೈಪೋಟಿಯನ್ನೇ ನಿಲ್ಲಿಸಿದರೆ ಮಾಲೀಕ ಎಷ್ಟು ಗದರಿಸಿದರೂ ಬೆಲೆ ಏರಲಾರದು. ನಾವು ವ್ಯಾಪಾರಿಗಳ ಕೂಟವನ್ನು ಬೈಯುತ್ತೇವೆ; ಇದು ಗಿರಾಕಿಗಳ ಕೂಟ. ಹರಾಜಿನಲ್ಲಿ ಕೂತವರೆಲ್ಲ ಕೈಯೆತ್ತದೆ ಸುಮ್ಮನಿದ್ದರೆ ಹರಾಜು ಕೂಗುವವನು ಏನು ಮಾಡಬಲ್ಲ?

ಇಂಥ ಕೂಟಗಳು ಮುರಿಯುವುದು ಹೊರಗಿನ ಪೆಟ್ಟಿನಿಂದಲ್ಲ, ಒಳಗಿನ ಒಬ್ಬನ ಆಸೆಯಿಂದ. ಅದಕ್ಕೆ ಅವರಲ್ಲಿದ್ದ ಏಕೈಕ ಅಸ್ತ್ರ ‘ಹೆರೆಮ್’, ಅಂದರೆ ಬಹಿಷ್ಕಾರ. ಕಟ್ಟಳೆ ಮುರಿದವನೊಡನೆ ಯಾರೂ ಊಟಕ್ಕೆ ಕೂರುವುದಿಲ್ಲ, ಪ್ರಾರ್ಥನೆಗೆ ಬೇಕಾದ ಹತ್ತು ಮಂದಿಯ ಲೆಕ್ಕದಲ್ಲಿ ಅವನನ್ನು ಸೇರಿಸುವುದಿಲ್ಲ. ಬಹಿಷ್ಕಾರವೆಂಬ ಮಾತು ಕೇಳಿದರೆ ನಮ್ಮ ನಾಡಿನಲ್ಲಿ ಕಹಿಯೇ ನೆನಪಾಗುತ್ತದೆ, ನೆನಪಾಗಬೇಕಾದುದೂ ಅದೇ. ಇಲ್ಲಿ ಅದು ಕೈಯಲ್ಲಿ ಹಣವಿದ್ದವನ ವಿರುದ್ಧ, ಇಲ್ಲದವನ ಪರವಾಗಿ ಬಳಕೆಯಾಯಿತು ಎಂಬ ವ್ಯತ್ಯಾಸವನ್ನಷ್ಟೇ ಗುರುತಿಸಬಹುದು.

ಫೆರಾರಾದ ಪಠ್ಯದಲ್ಲಿ ನನ್ನ ಗಮನ ಸೆಳೆದುದು ಮೂಲ ನಿಯಮವಲ್ಲ, ಅದಕ್ಕೆ ಹಾಕಿದ ತೇಪೆ. ಹಳೆಯ ಕಟ್ಟಳೆಯನ್ನು ಮೀರುವವರಿದ್ದಾರೆ ಎಂದು ಸಭೆ ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಳ್ಳುತ್ತದೆ. ಅವರು ಮೀರುತ್ತಿದ್ದ ಬಗೆ ಜಾಣತನದ್ದು. ಕ್ರೈಸ್ತ ಮಾಲೀಕ ಮನೆಯನ್ನು ಮಾರಿದ, ಆದ್ದರಿಂದ ಹಳೆಯ ಬಾಡಿಗೆಯ ಸಂಬಂಧ ಮುಗಿಯಿತು, ಈಗ ಬೇರೆಯವರು ಬರಬಹುದು ಎಂಬುದು ವಾದ. ಸಭೆ ಅದನ್ನು ಮುಚ್ಚಿಹಾಕಿತು: ಮನೆ ಯಾರ ಕೈಗಾದರೂ ಹೋಗಲಿ, ಒಳಗಿರುವ ಯೆಹೂದಿಯ ಹಕ್ಕು ಅಳಿಯುವುದಿಲ್ಲ, ಮಾಲೀಕನೇ ಒಪ್ಪಿದರೂ ಅವನ ಜಾಗಕ್ಕೆ ಇನ್ನೊಬ್ಬ ಬರುವಂತಿಲ್ಲ. ಆಡಳಿತದಲ್ಲಿ ಇದ್ದವರಿಗೆ ಈ ತೇಪೆಯ ಮಹತ್ವ ಕೂಡಲೇ ತಿಳಿಯುತ್ತದೆ. ಒಂದು ಕಾಯ್ದೆ ನಿಜವಾಗಿ ಜಾರಿಯಲ್ಲಿತ್ತೋ ಇಲ್ಲವೋ ಎಂಬುದಕ್ಕೆ ಅದರ ತಿದ್ದುಪಡಿಗಳಿಗಿಂತ ನಂಬಲರ್ಹ ಸಾಕ್ಷಿ ಇನ್ನೊಂದಿಲ್ಲ. ಯಾರೂ ಪಾಲಿಸದ ನಿಯಮದ ರಂಧ್ರಗಳನ್ನು ಹುಡುಕುವ ತೊಂದರೆಯನ್ನು ಯಾರು ತಾನೇ ತೆಗೆದುಕೊಳ್ಳುತ್ತಾರೆ?

ಸಭೆ ಮುಗಿದ ಹದಿಮೂರು ತಿಂಗಳಿಗೆ ಈ ಕಟ್ಟಳೆಯ ಸಂದರ್ಭವೇ ಬದಲಾಯಿತು. 1555ರ ಜುಲೈ 14ರಂದು ಪೋಪ್ 4ನೇ ಪೌಲ್ ಹೊರಡಿಸಿದ ಆಜ್ಞೆ ತನ್ನ ಆಳ್ವಿಕೆಯ ಪ್ರದೇಶದ ಯೆಹೂದಿಗಳೆಲ್ಲ ಗೋಡೆಯೊಳಗಿನ ಪ್ರತ್ಯೇಕ ಕೇರಿಯಲ್ಲಿ ವಾಸಿಸಬೇಕೆಂದೂ, ತಮ್ಮ ಸ್ಥಿರಾಸ್ತಿಗಳನ್ನು ಕ್ರೈಸ್ತರಿಗೆ ಮಾರಿಬಿಡಬೇಕೆಂದೂ ವಿಧಿಸಿತು. ರೋಮ್‌ನಲ್ಲಿ ಟೈಬರ್ ನದಿಯ ಪ್ರವಾಹ ನುಗ್ಗುವ ತಗ್ಗಿನಲ್ಲಿ ಗೆಟ್ಟೋ ಎದ್ದಿತು. ಮುಂದೆ ವಿಸ್ತರಣೆಯಾದ ಮೇಲೂ ಅದು ಹೆಚ್ಚೆಂದರೆ 7-8 ಎಕರೆಯಷ್ಟಿದ್ದ, ಸಾವಿರಾರು ಜನ ಬದುಕಬೇಕಾದ ಸ್ಥಳ. ವೆನಿಸ್ ಇದನ್ನು 39 ವರ್ಷ ಮೊದಲೇ, 1516ರಲ್ಲಿ, ಮಾಡಿತ್ತು. ಅಲ್ಲಿ ಆಯ್ದ ದ್ವೀಪದಲ್ಲಿದ್ದ ಕ್ರೈಸ್ತ ಬಾಡಿಗೆದಾರರನ್ನು ತೆರವು ಮಾಡಿಸಿ, ಒಳಬರುವ ಯೆಹೂದಿಗಳು ಅವರಿಗಿಂತ ಮೂರನೇ ಒಂದು ಪಾಲು ಹೆಚ್ಚು ಬಾಡಿಗೆ ಕೊಡಬೇಕೆಂದು ಸರ್ಕಾರವೇ ಗೊತ್ತುಪಡಿಸಿತು. ಮಾಲೀಕರಿಗೆ ಆ ಹೆಚ್ಚಳದ ಮೇಲೆ ತೆರಿಗೆ ವಿನಾಯಿತಿಯೂ ದೊರೆಯಿತು. ಪೂರೈಕೆಯನ್ನು ಕಾನೂನಿನಿಂದ ಕಟ್ಟಿಹಾಕಿ, ಬೇಡಿಕೆಯನ್ನೂ ಕಾನೂನಿನಿಂದಲೇ ಅದರೊಳಗೆ ತುರುಕಿ, ಲಾಭವನ್ನು ಮಾಲೀಕನಿಗೆ ಬರೆದುಕೊಟ್ಟ ಇಂಥ ಸ್ಪಷ್ಟ ಉದಾಹರಣೆ ಅರ್ಥಶಾಸ್ತ್ರದ ಪಠ್ಯಪುಸ್ತಕಗಳಲ್ಲೂ ಸಿಗಲಾರದು.

ಗೋಡೆಯೊಳಗೆ ಫೆರಾರಾದ ಕಟ್ಟಳೆ ಜೀವನ್ಮರಣದ ಪ್ರಶ್ನೆಯಾಯಿತು. ಮೊದಲು ಹೊರಹಾಕಲ್ಪಟ್ಟವನು ಇನ್ನೊಂದು ಬೀದಿಯಲ್ಲಿ ಮನೆ ಹುಡುಕಬಹುದಾಗಿತ್ತು. ಈಗ ಇನ್ನೊಂದು ಬೀದಿಯೇ ಇರಲಿಲ್ಲ. ಹೀಬ್ರೂವಿನಲ್ಲಿ ‘ಹಜಾಕಾ’ ಎಂದರೆ ಸ್ವಾಧೀನಾನುಭವ. ನಮ್ಮ ಪಹಣಿಯ ಭಾಷೆಯಲ್ಲಿ ‘ಕಬ್ಜೆ’ ಎಂದರೆ ಓದುಗರಿಗೆ ಬೇಗ ಅರ್ಥವಾದೀತು. ಈ ಪದಕ್ಕೆ ಲ್ಯಾಟಿನ್ನಿನ ಹಕ್ಕು ಎಂಬ ಪದ ಸೇರಿ ಇಟಲಿಯವರ ಬಾಯಲ್ಲಿ ‘ಯುಸ್ ಗಜಗಾ’ ಆಯಿತು. ಪೋಪರ ಸರ್ಕಾರವೇ ಕ್ರಮೇಣ ಇದಕ್ಕೆ ಮಣಿಯಿತು. 1562ರಲ್ಲಿ 4ನೇ ಪಿಯಸ್ ಗೆಟ್ಟೋ ಮನೆಗಳ ಬಾಡಿಗೆಗೆ ಮಿತಿ ಹಾಕಲು ಅವಕಾಶ ಕಲ್ಪಿಸಿದ. 1604ರಲ್ಲಿ 8ನೇ ಕ್ಲೆಮೆಂಟ್ ಈ ಹಕ್ಕಿಗೆ ಮಾನ್ಯತೆ ನೀಡಿದ. ಬಾಡಿಗೆ ಕೊಡುತ್ತಿರುವವರೆಗೆ ಮಾಲೀಕ ಹೊರಹಾಕುವಂತಿಲ್ಲ, ಮನಬಂದಂತೆ ಬಾಡಿಗೆ ಏರಿಸುವಂತಿಲ್ಲ. ನಿರಾಯುಧರ ಒಡಂಬಡಿಕೆಯೊಂದು ಅರ್ಧ ಶತಮಾನದಲ್ಲಿ ಎದುರಾಳಿಯ ಕಾನೂನಿನಲ್ಲೇ ಜಾಗ ಪಡೆಯಿತೆಂಬುದು ಸಣ್ಣ ಸಾಧನೆಯಲ್ಲ.

ಆದರೆ ಕಥೆಯ ಇನ್ನೊಂದು ಮಗ್ಗುಲನ್ನು ಅದರ ಅಭಿಮಾನಿಗಳು ಬೇಗ ದಾಟಿಬಿಡುತ್ತಾರೆ. ಬೇಡಿಕೆಯ ಒತ್ತಡ ಎಲ್ಲಿಗೂ ಹೋಗುವುದಿಲ್ಲ. ಮಾಲೀಕನಿಗೆ ಸೇರದ ಬೆಲೆ ಬೇರೆಲ್ಲೋ ಸೇರಲೇಬೇಕು. ಅದು ಗಜಗಾದ ಒಡೆಯನಿಗೆ ಸೇರಿತು. ಬಾಡಿಗೆಯ ಹಕ್ಕೇ ಒಂದು ಆಸ್ತಿಯಾಯಿತು. ಅದನ್ನು ಮಾರಲಾಯಿತು, ಮಕ್ಕಳಿಗೆ ಬಿಟ್ಟುಹೋಗಲಾಯಿತು, ಹೆಣ್ಣುಮಕ್ಕಳಿಗೆ ವರದಕ್ಷಿಣೆಯಾಗಿ ಕೊಡಲಾಯಿತು. ಅಣ್ಣತಮ್ಮಂದಿರ ನಡುವೆ ಪಾಲಾಗಿ ಹೋಳುಹೋಳಾಯಿತು. ಹಕ್ಕುಳ್ಳವನು ಮಾಲೀಕನಿಗೆ ಕಡಿಮೆ ಬಾಡಿಗೆ ಕೊಡುತ್ತಿದ್ದ. ಹಕ್ಕಿಲ್ಲದವನು ಹಕ್ಕುಳ್ಳವನಿಗೆ ಬೆಲೆ ತೆರಬೇಕಿತ್ತು. ಹೊಸದಾಗಿ ಮದುವೆಯಾದ, ಎರಡೂ ಕಡೆಯಿಂದ ಗಜಗಾ ಬಾರದ ಬಡ ದಂಪತಿಗೆ ರಬ್ಬಿ ಗೆರ್ಶೋಮರ ಹೆಸರಿನ ರಕ್ಷಣೆಯೇ ಎದುರಿನ ಬಾಗಿಲಾಗಿ ನಿಂತಿತು. ಒಬ್ಬನನ್ನು ಹೊರಹಾಕಿ ಇನ್ನೊಬ್ಬ ಬರಬಾರದೆಂಬ ನಿಯಮ, ಎಂದೂ ಒಳಗೇ ಬಾರದವನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಈ ಅಪಾಯ ರಬ್ಬಿಗಳಿಗೆ ತಿಳಿಯದ್ದೇನಲ್ಲ. ಉತ್ತರ ಯೂರೋಪಿನ ಸಮುದಾಯಗಳಲ್ಲಿ ಇದಕ್ಕೆ ಸಮೀಪದ ಇನ್ನೊಂದು ಪದ್ಧತಿಯಿತ್ತು. ಊರಿಗೆ ಹೊಸದಾಗಿ ಬರುವ ಯೆಹೂದಿ ಅಲ್ಲಿರುವವರ ಒಪ್ಪಿಗೆಯಿಲ್ಲದೆ ನೆಲೆಸುವಂತಿರಲಿಲ್ಲ. ಊರಿನಲ್ಲಿರುವ ಕೆಲಸ, ಸಾಲ ಕೊಡುವ ವ್ಯವಹಾರ, ತೆರಿಗೆಯ ಹೊರೆ ಎಲ್ಲಕ್ಕೂ ಮಿತಿಯಿದೆ ಎಂಬುದು ಸಮರ್ಥನೆ. ಹನ್ನೆರಡನೇ ಶತಮಾನದ ಫ್ರಾನ್ಸಿನ ಮಹಾಪಂಡಿತ ರಬ್ಬೇನು ತಾಮ್ ಇದನ್ನು ಒಪ್ಪಲಿಲ್ಲ. ಆ ನಿಷೇಧ ಹುಟ್ಟಿದ್ದು ಹಿಂಸಾಚಾರಿಗಳನ್ನು, ಚಾಡಿಕೋರರನ್ನು, ತೆರಿಗೆ ಕೊಡದವರನ್ನು ದೂರವಿಡಲಿಕ್ಕೆ. ಹೊಟ್ಟೆಪಾಡಿಗೆ ಬಂದ ಸಾಮಾನ್ಯನನ್ನು ತಡೆಯಲಿಕ್ಕಲ್ಲ ಎಂದರು. ನನ್ನ ದೃಷ್ಟಿಯಲ್ಲಿ ಈ ಚರ್ಚೆಯಲ್ಲಿ ಅತ್ಯಂತ ಸ್ಪಷ್ಟವಾಗಿ ಯೋಚಿಸಿದವರು ಅವರೇ. ಎಲ್ಲ ಊರುಗಳೂ ಅವರ ಮಾತನ್ನು ಕೇಳಲಿಲ್ಲವೆಂಬುದು ಬೇರೆ ವಿಷಯ.

ನಮ್ಮ ಕಾನೂನಿನ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡದಿರಲು ಸಾಧ್ಯವಿಲ್ಲ. ಕರ್ನಾಟಕದ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಮನೆ ಖಾಲಿಯಾದರೆ ಮಾಲೀಕ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು, ಅಧಿಕಾರಿ ಅದನ್ನು ಅರ್ಜಿದಾರರಿಗೆ ಹಂಚಬಹುದಿತ್ತು. ಎಷ್ಟು ಮಂದಿ ಪ್ರಾಮಾಣಿಕವಾಗಿ ತಿಳಿಸಿದರು ಎಂಬುದನ್ನು ಸೇವೆಯಲ್ಲಿದ್ದವರು ಬಲ್ಲರು. ಒಳಗಿದ್ದವರು ಹಳೆಯ ಬಾಡಿಗೆಯಲ್ಲೇ ಉಳಿದರು; ಹೊರಗಿದ್ದವರು ಮುಂಗಡದ ಹೆಸರಿನಲ್ಲಿ ದೊಡ್ಡ ಮೊತ್ತ ಹೊಂದಿಸಿದರು. 2001ರ ಕೊನೆಯ ದಿನ ಹೊಸ ಬಾಡಿಗೆ ಕಾಯ್ದೆ ಜಾರಿಗೆ ಬಂದು ಹಳೆಯದು ಹೋಯಿತು. ಮುಂಬೈಯ ‘ಪಗಡಿ’ಯಂತೂ ಗಜಗಾದ ಸೋದರನೇ ಸರಿ. ದಶಕಗಳ ಕಾಲ ಕದ್ದು ನಡೆದ ಈ ವ್ಯವಹಾರಕ್ಕೆ ಮಹಾರಾಷ್ಟ್ರ 2000ದಲ್ಲಿ ಜಾರಿಗೆ ಬಂದ ಕಾಯ್ದೆಯ ಮೂಲಕ ಮಾನ್ಯತೆ ಕೊಟ್ಟಿತು. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯುವುದು ನ್ಯಾಯವಲ್ಲ. ನಮ್ಮಲ್ಲಿ ಊರು ಬೆಳೆಯಬಹುದಾಗಿತ್ತು, ಮನೆ ಕಟ್ಟಬಹುದಾಗಿತ್ತು. ಕಟ್ಟದೆ ಹಂಚಲು ಹೊರಟದ್ದು ನಮ್ಮ ಆಯ್ಕೆ. ಗೆಟ್ಟೋದವರಿಗೆ ಆ ಆಯ್ಕೆಯಿರಲಿಲ್ಲ. ವೆನಿಸ್‌ನಲ್ಲಿ ಅವರು ಮೇಲಕ್ಕೆ ಕಟ್ಟಿದರು, ಒಂದೊಂದು ಅಂತಸ್ತನ್ನೂ ಅಡ್ಡವಾಗಿ ಸೀಳಿ ಎರಡು ಮಾಡಿದರು. ತಲೆ ತಾಗುವಂಥ ಚಾವಣಿಯ, ಏಳೆಂಟು ಅಂತಸ್ತಿನ ಆ ಕಟ್ಟಡಗಳನ್ನು ಇಂದಿಗೂ ಅಲ್ಲಿ ಕಾಣಬಹುದು. ಕೊರತೆಯನ್ನು ಸಮನಾಗಿ ಹಂಚುವುದಷ್ಟೇ ಅವರ ಕಟ್ಟಳೆಯ ಶಕ್ತಿಯೊಳಗಿದ್ದುದು. ಕೊರತೆಯನ್ನು ಸೃಷ್ಟಿಸಿದವನು ಅದರ ವ್ಯಾಪ್ತಿಗೆ ಹೊರಗಿದ್ದ.

ಆ ಹೊರಗಿನವನ ಕೈ ಎಷ್ಟು ಉದ್ದವೆಂಬುದು 1658ರಲ್ಲಿ ತಿಳಿಯಿತು. 1656-57ರ ಪ್ಲೇಗಿನಲ್ಲಿ ರೋಮ್‌ನ ಗೆಟ್ಟೋದಲ್ಲಿ ನೂರಾರು ಜನ ಸತ್ತಿದ್ದರು. ಕ್ರೈಸ್ತ ಮಾಲೀಕರ ನಷ್ಟವನ್ನು ತುಂಬಿಕೊಡಲೆಂದು ಪೋಪ್ 7ನೇ ಅಲೆಕ್ಸಾಂಡರ್, ಗೆಟ್ಟೋದಲ್ಲಿ ವಾಸವಿಲ್ಲದ ಮನೆಗಳಿಗೂ ಯೆಹೂದಿ ಸಮುದಾಯವೇ ಬಾಡಿಗೆ ತೆರಬೇಕೆಂದು ಆಜ್ಞೆ ಮಾಡಿದ. ಬಾಡಿಗೆದಾರರ ಒಡಂಬಡಿಕೆಯ ಬಲವೆಲ್ಲ ನಿಂತಿದ್ದುದು ಒಂದೇ ಸಂಗತಿಯ ಮೇಲೆ: ಅನ್ಯಾಯ ಮಾಡಿದ ಮಾಲೀಕನ ಮನೆಯನ್ನು ಖಾಲಿ ಬಿಟ್ಟು ಅವನಿಗೆ ನಷ್ಟವುಂಟುಮಾಡುವುದು. ಈಗ ಖಾಲಿ ಮನೆಯ ನಷ್ಟ ಖಾಲಿ ಬಿಟ್ಟವರ ಮೇಲೆಯೇ ಬಿತ್ತು. ಈಗಾಗಲೇ ಸಾಲದಲ್ಲಿ ಮುಳುಗಿದ್ದ ಸಮುದಾಯ ಸತ್ತವರ ಕೋಣೆಗಳಿಗೂ ಬಾಡಿಗೆ ಕಟ್ಟಬೇಕಾಯಿತು. ರೋಮ್‌ನ ಗೆಟ್ಟೋ ಗೋಡೆ ಉರುಳಿದ್ದು 1848ರಲ್ಲಿ. ಪೋಪರ ಆಳ್ವಿಕೆ ಮುಗಿದು ಅಲ್ಲಿನ ಯೆಹೂದಿಗಳು ಪೂರ್ಣ ನಾಗರಿಕರಾಗಿ, ಊರಿನ ಯಾವ ಬೀದಿಯಲ್ಲಾದರೂ ಸ್ವಂತ ಮನೆ ಕೊಳ್ಳಬಹುದಾದದ್ದು 1870ರಲ್ಲಿ.